ಯಾರ ಕೈಯೂ ಇಲ್ಲದ ಆಯ್ಕೆ

"ಈ ಮನೆಗೆ ಯಜಮಾನ ನಾನು. ಸಾಮಿ ವಿಷ್ಯ ಕೇಳಾದಿದ್ರೆ ನನ್ನ ಕೇಳು. ನೆನ್ನೆ ಮೊನ್ನೆ ಬಂದ ಸೊಸೇನ ಏನ್ ಕೇಳ್ತೀಯಾ? ಅವ್ಳಿಗೆ ಎನ್ನ ತೆರಿಯುಂ, ಏನ್ ಗೊತ್ತು?"

ಕಾರಿಮಂಗಲದ ಆ ಜಗುಲಿಯಲ್ಲಿ ನಾನು ಟ್ಯಾಬ್ ಹಿಡಿದು ನಿಂತೇ ಇದ್ದೆ. ಕೂರು ಅಂತ ಅವರು ಹೇಳಿರಲಿಲ್ಲ. ಹೇಳಿದ್ದರೂ ನಾನು ಕೂರುತ್ತಿರಲಿಲ್ಲ. ಕೂತರೆ ನನ್ನ ಕಾಲು ತಾನಾಗಿ ಅಲುಗಾಡುತ್ತದೆ, ನನ್ನ ಅಮ್ಮ ಅದಕ್ಕೇ ಬಾಳಾ ಬೈದಿದ್ದಾಳೆ. ಯಜಮಾನರಿಗೆ ನಾನು ದಿನಕ್ಕೆ ಹತ್ತು ಸಲ ಹೇಳುವ ಮಾತನ್ನೇ ಹೇಳಿದೆ. "ಐಯಾ, ನಿಮ್ಮ ಸೊಸೇನ ಆರಿಸಿದ್ದು ನಾನಲ್ಲ. ನಮ್ಮ ಆಫೀಸೂ ಅಲ್ಲ. ಇದರಲ್ಲಿ ಯಾರ ಕೈಯೂ ಇಲ್ಲ."

ಯಾವ ಊರಿನ ಜನ ದೇವರನ್ನು ಹೆಚ್ಚು ಹಚ್ಚಿಕೊಂಡಿದ್ದಾರೆ, ಯಾವ ಊರಲ್ಲಿ ಕಡಿಮೆ, ಯಾಕೆ ಹಾಗೆ ಎಂದು ತಿಳಿಯುವುದು ನಮ್ಮ ಸರ್ವೆಯ ಕೆಲಸ. ಸೇಲಂ, ಧರ್ಮಪುರಿ ಎರಡೂ ಜಿಲ್ಲೆಗಳಲ್ಲಿ ಕನ್ನಡ ಮಾತಾಡುವ ಊರುಗಳನ್ನೆಲ್ಲ ನನ್ನ ಕೊರಳಿಗೆ ಕಟ್ಟಿದ್ದರು. ಫಾರಂ ತಮಿಳಲ್ಲಿತ್ತು, ಪ್ರಶ್ನೆಯನ್ನು ನಾನು ಬಾಯಲ್ಲಿ ಕನ್ನಡ ಮಾಡಬೇಕು. ತರಬೇತಿಯಲ್ಲಿ ಚೆನ್ನೈ ಆಫೀಸಿನ ಮೇಡಂ ಒಂದು ಚಿತ್ರ ಬರೆದು ತೋರಿಸಿದ್ದರು: ಆಸ್ಪತ್ರೆ, ರಸ್ತೆ, ಸಂಬಳ ಬಂದ ಕಡೆ ದೇವರು ನಿಧಾನಕ್ಕೆ ಹಿಂದೆ ಸರಿಯುತ್ತಾನೆ, ನಾಳೆ ಏನೋ ಎಂಬ ಹೆದರಿಕೆ ಇರುವ ಕಡೆ ಮುಂದೆ ಬರುತ್ತಾನೆ. ಅದು ನಿಜವೋ ಸುಳ್ಳೋ ನಮ್ಮ ಫಾರಂ ಹೇಳಬೇಕಿತ್ತು.

ಫಾರಂಗಿಂತ ದೊಡ್ಡದು ಆಯ್ಕೆಯ ನಿಯಮ. ಊರಿನ ಮನೆಗಳನ್ನೆಲ್ಲ ಪಟ್ಟಿ ಮಾಡಬೇಕು. ಯಾವ ಮನೆಗೆ ಹೋಗಬೇಕೆಂದು ಟ್ಯಾಬ್ ಹೇಳುತ್ತದೆ. ಆ ಮನೆಯಲ್ಲಿ ಹದಿನೆಂಟು ತುಂಬಿದವರ ಹೆಸರನ್ನೆಲ್ಲ ಹಾಕಿದರೆ, ಒಂದು ಹೆಸರು ಹಸಿರಾಗಿ ಮಿನುಗುತ್ತದೆ. ಅವರನ್ನೇ ಕೇಳಬೇಕು. ಅವರು ಹೊಲಕ್ಕೆ ಹೋಗಿದ್ದರೆ ಕಾಯಬೇಕು, ಮೂರು ಸಲ ಹೋಗಬೇಕು, ಅವರ ಬದಲಿಗೆ ಇನ್ನೊಬ್ಬರನ್ನು ಕೂರಿಸುವಂತಿಲ್ಲ. ಪೆನ್ನಾಗರದ ಹತ್ತಿರ ನನ್ನ ಕೈಕೆಳಗಿನ ಒಬ್ಬ, ಹೆಸರು ಬಂದ ಕುರಿ ಕಾಯುವವನು ಕಾಡಿಗೆ ಹೋಗಿದ್ದಾನೆಂದು ಟೀ ಅಂಗಡಿಯಲ್ಲಿ ಸಿಕ್ಕ ಮುದುಕರನ್ನು ಕೇಳಿ ಫಾರಂ ತುಂಬಿಸಿದ್ದ. ಅವನನ್ನು ಅದೇ ದಿನ ಮನೆಗೆ ಕಳಿಸಿದೆ. ನಾನು ದೇವಸ್ಥಾನಕ್ಕೆ ಹೋಗುವವಳಲ್ಲ, ಆದರೆ ಆ ನಿಯಮ ಕಂಡರೆ ನನಗೆ ಒಂಥರಾ ಭಕ್ತಿ.

ಕಾರಿಮಂಗಲದಲ್ಲಿ ಜಗಳ, ಪೆನ್ನಾಗರದಲ್ಲಿ ಕಾಯುವಿಕೆ. ಕೊನೆಗೆ ಉಳಿದದ್ದು ಪಾಲಮಲೆಯ ಮೇಲಿನ ಒಂದು ಊರು. ಹೆಸರು ಬೇಡ, ಇಪ್ಪತ್ತೇ ಮನೆ. ಆ ವಾರ ಮುಗಿಸಲೇಬೇಕೆಂದು ಮೇಡಂ ಗಂಟೆಗೊಂದು ಮೆಸೇಜ್ ಹಾಕುತ್ತಿದ್ದರು. ಕೊಳತ್ತೂರಿನಲ್ಲಿ ಬಸ್ ಇಳಿದು, ಜೀಪು ಹೋಗುವಷ್ಟು ದೂರ ಜೀಪಲ್ಲಿ ಹೋಗಿ, ಮಿಕ್ಕಿದ್ದನ್ನು ಹತ್ತಿದೆ. ಅರ್ಧ ದಾರಿಯಲ್ಲಿ ಒಂದು ಚಿಲುಮೆ ಇದೆ, ಕಲ್ಲಿನ ಸಂದಿಯಿಂದ ನೀರು ಬರುತ್ತದೆ. ಅಲ್ಲಿಗೆ ಫೋನಿನ ಸಿಗ್ನಲ್ ಸತ್ತಿತು. ಸದ್ಯ, ಎಂದುಕೊಂಡೆ.

ಊರಿಗೆ ಹೋದಾಗ ಮೊದಲು ಕಂಡದ್ದು ಬೀಗ ಹಾಕಿದ ಗುಡಿ. ಬೀಗಕ್ಕೆ ತುಕ್ಕು ಹಿಡಿದಿತ್ತು, ಆದರೆ ಹೊಸ್ತಿಲು ಸಾರಿಸಿ ರಂಗೋಲಿ ಇಟ್ಟಿದ್ದರು. ಊರ ಗೌಡನನ್ನು ಕೇಳಿದೆ. ನಲವತ್ತೈದರ ಆಸುಪಾಸಿನ ಗಟ್ಟಿ ಆಳು, ನಾನು ಕನ್ನಡದವಳೆಂದು ತಿಳಿದು ಮುಖ ಅರಳಿಸಿಕೊಂಡೇ ಹೇಳಿದ.

"ಒಂಬತ್ತು ವರ್ಸ ಆಯ್ತು ಅಕ್ಕ, ಗುಡಿ ಮುಚ್ಚಿ. ನಮ್ಮ ಪೂಜಾರಿ ತಾತನ ಕೈ ನಡುಗಾಕ್ ಸುರುವಾಯ್ತು. ನಡುಗೋ ಕೈಲಿ ಅಮ್ಮನಿಗೆ ದೀಪ ಅಚ್ಚಬಾರ್ದು. ಇನ್ನೊಬ್ರನ್ನ ಕೂರ್ಸಬೇಕು ಅಂದ್ರೆ ಅಮ್ಮ ಊವು ಕೊಡ್ಬೇಕಲ್ಲ? ವರ್ಸ ವರ್ಸ ತೈ ಮಾಸದಾಗೆ, ಸಂಕ್ರಾಂತಿ ಆದ್ಮೇಲೆ, ಕೇಳ್ತೀವಿ. ಕೆಂಪೇ ಬತ್ತದೆ."

ಹೂ ಕೇಳುವುದು ನನಗೆ ಗೊತ್ತಿತ್ತು, ನಮ್ಮ ಕಡೆಯೂ ಉಂಟು. ಬಿಳಿ ಕಣಗಿಲೆ ಒಂದು, ಕೆಂಪು ಕಣಗಿಲೆ ಒಂದು, ಎರಡನ್ನೂ ಎಲೆಯಲ್ಲಿ ಒಂದೇ ಥರ ಪೊಟ್ಟಣ ಕಟ್ಟಿ ದೇವರ ಮುಂದೆ ಇಡುವುದು. ಒಂದನ್ನು ಎತ್ತುವುದು. ಬಿಳಿ ಬಂದರೆ ಅಮ್ಮನ ಒಪ್ಪಿಗೆ, ಕೆಂಪು ಬಂದರೆ ಇಲ್ಲ.

"ಪೂಜಾರಿ ಆದೋರು ಏನು ಮಾಡಬೇಕು?" ಎಂದೆ.

"ಏನಿಲ್ಲ, ಗಂಡಾಗ್ಲಿ ಎಣ್ಣಾಗ್ಲಿ, ದಿನಾ ದೀಪ ಅಚ್ಚಬೇಕು, ಅಷ್ಟೇ. ಬೆಟ್ಟ ಇಳೀಬಾರ್ದು. ಚಿಲುಮೆ ದಾಟಬಾರ್ದು. ಸಾಯೋಗಂಟ."

ಮನೆ ಪಟ್ಟಿ ಮಾಡಿದೆ. ನಾಲ್ಕು ಮನೆ ಮಾಡಬೇಕಿತ್ತು. ಟ್ಯಾಬ್ ಮೊದಲು ಕೊಟ್ಟದ್ದು ಗೌಡನ ಸತ್ತುಹೋದ ಅಣ್ಣನ ಮನೆ, ಏಳು ಜನ ದೊಡ್ಡವರು. ಏಳೂ ಹೆಸರು ಹಾಕಿದೆ. ಸುತ್ತ ಆಗಲೇ ಅರ್ಧ ಊರು ನೆರೆದಿತ್ತು. ಹಸಿರಾಗಿ ಮಿನುಗಿದ್ದು ಆ ಮನೆಯ ಕಿರಿಮಗಳು, ಹತ್ತೊಂಬತ್ತರ ಹುಡುಗಿ. ಧರ್ಮಪುರಿಯಲ್ಲಿ ನರ್ಸಿಂಗ್ ಸೀಟು ಸಿಕ್ಕಿದೆ, ಬರುವ ಸೋಮವಾರ ಸೇರಬೇಕೆಂದು ಅವಳ ಅಮ್ಮ ನನಗೆ ಹೆಮ್ಮೆಯಿಂದ ಹೇಳಿ ಅರ್ಧ ಗಂಟೆಯೂ ಆಗಿರಲಿಲ್ಲ.

ಇಲ್ಲಿ ಯಾರೂ ಜಗಳಕ್ಕೆ ಬರಲಿಲ್ಲ. ಯಜಮಾನ ನಾನು ಅನ್ನಲಿಲ್ಲ. ಎಲ್ಲರೂ ಟ್ಯಾಬನ್ನು ಬಗ್ಗಿ ನೋಡಿದರು. ನನಗೆ ಎಷ್ಟು ಹಗುರವಾಯಿತೆಂದರೆ, ಗೌಡ ಮೆಲ್ಲಗೆ "ಇಪ್ಪತ್ ಮನೇಲಿ ಈ ಮನೆ, ಏಳು ಜನದಾಗೆ ಇವ್ಳು. ಯಾರಕ್ಕ ಆರ್ಸಿದ್ದು? ನೀನಾ?" ಎಂದಾಗ ನಾನು ಯೋಚನೆಯೇ ಮಾಡದೆ ನನ್ನ ಮಾಮೂಲಿ ಮಾತು ಹೇಳಿಬಿಟ್ಟೆ.

"ನಾನಲ್ಲಪ್ಪಾ. ಆಫೀಸೂ ಅಲ್ಲ. ಇದರಲ್ಲಿ ಯಾರ ಕೈಯೂ ಇಲ್ಲ."

ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ತಲೆ ಆಡಿಸಿದರು. ಒಪ್ಪಿಕೊಂಡರೆಂದು ನಾನು ಖುಷಿಪಟ್ಟೆ. ನಿಯಮದ ಪ್ರಕಾರ ಹುಡುಗಿಯನ್ನು ಒಬ್ಬಳನ್ನೇ ಒಳಗೆ ಕರೆದುಕೊಂಡು ಹೋಗಿ ಬಾಗಿಲು ಮುಂದೆ ಮಾಡಿ ಪ್ರಶ್ನೆ ಕೇಳಿದೆ. ದೇವರು ನಿನ್ನ ಬದುಕಲ್ಲಿ ಎಷ್ಟು ಮುಖ್ಯ, ಬಾಳಾನೋ, ಒಸಿಯೋ, ಇಲ್ಲವೇ ಇಲ್ಲವೋ. ದೇವರು ಹತ್ತಿರ ಬಂದ ಹಾಗೆ ಯಾವತ್ತಾದರೂ ಅನ್ನಿಸಿದೆಯಾ. ಹುಡುಗಿ ನಗುತ್ತ, ತಮಿಳು ಕನ್ನಡ ಬೆರೆಸಿ ಪಟಪಟ ಹೇಳಿದಳು. ಹೊರಗೆ ಬಂದಾಗ ಗೌಡ ಕೇಳಿದ: "ಏನ್ ಯೋಳುದ್ಲು?" ಒಬ್ಬರು ಹೇಳಿದ್ದನ್ನು ಇನ್ನೊಬ್ಬರಿಗೆ ಹೇಳುವಂತಿಲ್ಲ, ಅದೂ ನಿಯಮ. "ಅದನ್ನ ನಾನು ಹೇಳಬಾರ್ದು" ಎಂದೆ. ಗೌಡ ತಲೆ ಅಲ್ಲಾಡಿಸಿ ಕೈ ಮುಗಿದ. ನನಗೆ ಕೈ ಮುಗಿದ ಎಂದುಕೊಂಡೆ. ದಡ್ಡಿ.

ಅವತ್ತು ಅದೇ ಮನೆಯಲ್ಲಿ ಮಲಗಿದೆ. ಬೆಳಗ್ಗೆ ಎದ್ದು ನೋಡಿದರೆ ಹೊಸ್ತಿಲ ತುಂಬ ಅರಿಸಿನ, ಬಾಗಿಲಿಗೆ ಬೇವಿನ ತೋರಣ. ಊರಿನ ಹೆಂಗಸರು ಸಾಲಾಗಿ ಬಂದು ಆ ಹುಡುಗಿಯ ಕಾಲಿಗೆ ನೀರು ಹಾಕುತ್ತಿದ್ದರು. ಹುಡುಗಿ ಗೋಡೆಗೆ ಒತ್ತಿಕೊಂಡು ನಿಂತಿದ್ದಳು, ಮುಖದಲ್ಲಿ ರಕ್ತವೇ ಇರಲಿಲ್ಲ.

"ಏನಿದು?" ಎಂದೆ.

"ಅಮ್ಮ ಇವ್ಳನ್ನ ಗುಡಿಗೆ ಆರ್ಸ್ಕೊಂಡವ್ಳೆ," ಅಂದ ಗೌಡ. ಅವನ ಕಣ್ಣಲ್ಲಿ ನೀರಿತ್ತು. ಮೋಸಗಾರನ ಕಣ್ಣೀರಲ್ಲ ಅದು, ಒಂಬತ್ತು ವರ್ಷ ಕಾದವನದು. "ಅದ್ಕೇ ಕೆಂಪು ಬತ್ತಾ ಇತ್ತು. ಊವಲ್ಲಿ ಆರ್ಸಾಕೆ ಅವ್ಳಿಗೆ ಇಷ್ಟ ಇರ್ಲಿಲ್ಲ. ನಿನ್ನ ಕೈಲಿ ಕಳ್ಸವ್ಳೆ."

ಸಿಟ್ಟು ಬಂತು, ಯಾರ ಮೇಲೆಂದು ಗೊತ್ತಾಗಲಿಲ್ಲ.

"ಅಣ್ಣಾ, ಅದು ಮಿಷಿನ್ನು. ನಂಬರ್ ಹಾಕ್ತದೆ ಅಷ್ಟೇ."

"ಯಾವ ನಂಬರ್ ಹಾಕ್ಬೇಕು ಅಂತ ಅದ್ಕೆ ಯೋಳ್ದೋರ್ ಯಾರು?"

"ಯಾರೂ ಇಲ್ಲ!"

"ಅದ್ನೇ ಅಲ್ವಾ ನಾವೂ ಯೋಳ್ತಿರಾದು?"

ಈ ದಿನ ಇನ್ನೂ ಮೂರು ಮನೆಯಲ್ಲಿ ಮೂರು ಹೆಸರು ಬರುತ್ತದೆ, ಅವರೆಲ್ಲರೂ ಪೂಜಾರಿಗಳೇ ಎಂದು ಕೇಳಿದೆ. ಮೊದಲು ಬಂದದ್ದು ಮೊದಲು, ಅಂದರು. ಕಾರಿಮಂಗಲದಲ್ಲಿ ಸೊಸೆಯ ಹೆಸರು ಬಂತು, ಅವಳೂ ಪೂಜಾರಿಯೇ ಎಂದೆ. ಅವರೂರಿನ ಗುಡಿ ಮುಚ್ಚಿಲ್ಲವಲ್ಲ, ಅಂದರು. ಒಂದೊಂದಕ್ಕೂ ಉತ್ತರವಿತ್ತು, ಅದೂ ಕೂಗಾಡದೆ ಕೊಡುವ ಉತ್ತರ. ಹುಡುಗಿಯ ಅಮ್ಮ ಮಾತ್ರ ಒಳಗೆ ಒಲೆಯ ಮುಂದೆ ಬೆನ್ನು ಮಾಡಿ ಕೂತಿದ್ದಳು. ನಾನು ಹೋಗಿ ಪಕ್ಕ ಕೂತಾಗ ಒಂದೇ ಮಾತು ಕೇಳಿದಳು: "ನೀನ್ಯಾಕಕ್ಕ ನಮ್ಮನೆಗೆ ಬಂದೆ?"

ಹುಡುಗಿ ಹಿತ್ತಲಲ್ಲಿ ಸಿಕ್ಕಳು. ಕೈಯಲ್ಲಿ ಸೀಟಿನ ಕಾಗದ, ಪ್ಲಾಸ್ಟಿಕ್ ಕವರಿನೊಳಗೆ. "ಓಡೋಗ್ಬುಡು ಅಂತೀರಾ ಅಕ್ಕಾ? ಓಗ್ಬೋದು. ಆಮೇಲೆ ಊರಾಗೆ ಯಾರ್ಗಾನ ಜ್ವರ ಬಂದ್ರೂ ನನ್ನಿಂದ್ಲೇ ಅಂತಾರೆ. ನಮ್ಮಮ್ಮ ಇಲ್ಲೇ ಇರ್ಬೇಕಲ್ಲ?" ಎಂದಳು. ಅಳಲಿಲ್ಲ. ಅತ್ತಿದ್ದರೆ ನನಗೆ ಸ್ವಲ್ಪ ಸುಲಭವಾಗುತ್ತಿತ್ತು.

ಚಿಲುಮೆಯ ತನಕ ದಡದಡ ಇಳಿದೆ. ಒಂದು ಬಂಡೆ ಹತ್ತಿದರೆ ಎರಡು ಕಡ್ಡಿ ಸಿಗ್ನಲ್ ಸಿಕ್ಕಿತು. ಮೇಡಂಗೆ ಎಲ್ಲ ಹೇಳಿದೆ. ಅವರು ಕೆಟ್ಟವರಲ್ಲ, ನಿಜವಾಗಿ ಬೇಜಾರು ಮಾಡಿಕೊಂಡರು. ಆದರೆ ಫಾರಂ ಲಾಕ್ ಆಗಿದೆ. ಮತ್ತೆ ಆಯ್ಕೆ ಮಾಡುವಂತಿಲ್ಲ. ಊರಿನ ನಂಬಿಕೆಯಲ್ಲಿ ಕೈ ಹಾಕುವಂತಿಲ್ಲ. ಷರಾ ಬರೆದು, ಮಿಕ್ಕ ಮೂರು ಮನೆ ಮುಗಿಸಿ ಇಳಿದು ಬಾ, ಅಂದರು. ಕೊನೆಗೆ, "ನೋಡಿದೆಯಾ, ಆಸ್ಪತ್ರೆ ಇಲ್ಲ, ರಸ್ತೆ ಇಲ್ಲ. ನಾವು ಅಂದುಕೊಂಡದ್ದೇ" ಅಂದರು.

ನನಗೆ ಅದು ಸರಿ ಅನ್ನಿಸಲಿಲ್ಲ. ಬಂಡೆಯ ಮೇಲೆ ಅತ್ತಿಂದಿತ್ತ ಓಡಾಡಿದೆ. ಹಿಂದಿನ ದಿನ ಪಟ್ಟಿ ಮಾಡುವಾಗ ನೋಡಿದ್ದೆ: ಚಿಲುಮೆ ನೀರಿನ ಸರದಿ ಯಾರದು, ಯಾರ ಹೊಲಕ್ಕೆ ಮೊದಲು ಬೇಲಿ, ಎಲ್ಲ ಹೂವಿನ ಮೇಲೆ. ಇಪ್ಪತ್ತು ಮನೆ, ಇಪ್ಪತ್ತೂ ದಾಯಾದಿಗಳು. ಅಲ್ಲಿ ಯಾರೇ ಒಬ್ಬರು ತೀರ್ಮಾನ ಮಾಡಿದರೂ ಇನ್ನೊಬ್ಬರು ಜನ್ಮಪೂರ್ತಿ ಮಾತು ಬಿಡುತ್ತಾರೆ. ಅಮ್ಮ ಮಾಡಿದರೆ ಯಾರ ಮೇಲೂ ಸಿಟ್ಟಿಲ್ಲ. ಕಾರಿಮಂಗಲದವರಿಗೆ ತಾಲೂಕು ಆಫೀಸಿದೆ, ಕೋರ್ಟಿದೆ, ಕೌನ್ಸಿಲರ್ ಇದ್ದಾನೆ; ಅವರು ದೇವರನ್ನು ಹೊಸ ಬೈಕಿಗೆ ನಿಂಬೆಹಣ್ಣು ಕಟ್ಟಲು ಕರೆದರೆ ಸಾಕು. ಇವರಿಗೆ ದೇವರು ಹೆದರಿಕೆಗೆ ಮಾತ್ರ ಬೇಕಾದದ್ದಲ್ಲ, ನ್ಯಾಯಕ್ಕೆ ಬೇಕು. ಯಾರ ಕೈಯೂ ಇಲ್ಲದ ಆಯ್ಕೆ ಇವರಿಗೂ ಬೇಕು, ನಮ್ಮ ಆಫೀಸಿಗೂ ಬೇಕು. ಇಷ್ಟು ಹೊಳೆದದ್ದಕ್ಕೆ ನನಗೆ ಸಂತೋಷವೇನೂ ಆಗಲಿಲ್ಲ. ಸೋಮವಾರಕ್ಕೆ ಆರೇ ದಿನ ಇತ್ತು.

ಮೇಲೆ ಹತ್ತಿ ನೇರ ಪೂಜಾರಿ ತಾತನ ಗುಡಿಸಲಿಗೆ ಹೋದೆ. ಅಲ್ಲಿಯತನಕ ಅವರನ್ನು ಮಾತಾಡಿಸಿರಲಿಲ್ಲ. ಒಣಗಿದ ಮೈ, ಎರಡೂ ಕೈ ಮಡಿಲಲ್ಲಿ ತರತರ ನಡುಗುತ್ತಿದ್ದವು. ಊರೆಲ್ಲ ಸಂಭ್ರಮದಲ್ಲಿದ್ದರೆ ಅವರೊಬ್ಬರೇ ಸುಮ್ಮನೆ ಕೂತಿದ್ದರು.

"ತಾತಾ, ಇದು ಅಮ್ಮನ ಆಯ್ಕೆಯೋ ಅಲ್ಲವೋ ಅಂತ ಅಮ್ಮನ್ನೇ ಕೇಳಬಹುದಾ? ಹೂವಲ್ಲಿ?"

ಅವರು ನನ್ನ ಕೈ ಕಡೆ ನೋಡಿದರು. "ಕೇಳ್ಬೋದು. ಆದ್ರೆ ಯಾರು ಕೇಳ್ತಾರೋ ಅವ್ರೇ ಪೊಟ್ಟಣ ಕಟ್ಬೇಕು. ಅದು ಕಟ್ಲೆ. ಕಟ್ತೀಯಾ?"

"ಕಟ್ತೀನಿ."

ಗೌಡ ಬೇಡ ಅನ್ನಲಿಲ್ಲ. ಅಮ್ಮನನ್ನು ಕೇಳುವುದನ್ನು ಬೇಡ ಅನ್ನಲು ಅವನಿಗೆ ಬಾಯಿ ಬರಲಿಲ್ಲ. ಬಿಳಿ ಬಂದರೆ ಹುಡುಗಿ ಗುಡಿಗೆ. ಕೆಂಪು ಬಂದರೆ ಅವಳ ತಂಟೆಗೆ ಯಾರೂ ಹೋಗಬಾರದು. ಹಾಗೆ ಎಲ್ಲರೂ ಒಪ್ಪಿದರು. ಪೊಟ್ಟಣ ಎತ್ತಬೇಕಾದವಳು ಹುಡುಗಿಯೇ.

ಮಧ್ಯಾಹ್ನ ಸ್ನಾನ ಮಾಡಿಸಿ, ಒದ್ದೆ ಸೀರೆಯಲ್ಲಿ ನನ್ನನ್ನು ಗುಡಿಯ ಮುಚ್ಚಿದ ಬಾಗಿಲ ಕಡೆ ಮುಖ ಮಾಡಿ ಕೂರಿಸಿದರು. ತಲೆಯ ಮೇಲಿಂದ ಕಂಬಳಿ ಹೊದಿಸಿದರು, ಕಟ್ಟುವಾಗ ಯಾರೂ ನೋಡಬಾರದೆಂದು. ಒಂದು ಮೊರ ಹೂವು, ಬಿಳಿ ಕೆಂಪು ಎರಡೂ, ನಾಲ್ಕಾರು ಮುತ್ತುಗದ ಎಲೆ, ಬಾಳೆ ನಾರು ಒಳಗೆ ಸರಿಸಿದರು. ಹೊರಗೆ ತಮಟೆ ನಿಂತಿತು.

ಕಂಬಳಿಯೊಳಗೆ ಸೆಕೆ, ಕುರಿಯ ವಾಸನೆ. ಒಂದು ಕೆಂಪು ಹೂವು ಎತ್ತಿ ಎಲೆಯಲ್ಲಿಟ್ಟು ಮಡಿಸಿದೆ. ಎರಡನೇ ಎಲೆ ಹರಡಿದೆ. ಬಿಳಿ ಹೂವಿನ ಮೇಲೆ ಕೈ ಇಟ್ಟೆ.

ಅರ್ಧಕ್ಕರ್ಧ. ಅಷ್ಟೇ ಇದ್ದದ್ದು ಆ ಹುಡುಗಿಗೆ. ನಾನು ನಂಬಿದ ನಿಯಮ ಅದೇ: ಯಾರ ಕೈಯೂ ಬೇಡ, ಬಂದದ್ದು ಬರಲಿ. ಕುರಿ ಕಾಯುವವನ ಬದಲು ಮುದುಕರನ್ನು ಕೂರಿಸಿದವನನ್ನು ಮನೆಗೆ ಕಳಿಸಿದವಳು ನಾನು. ಅವನು ಹಾಳು ಮಾಡಿದ್ದು ಒಂದು ಫಾರಂ. ನಾನು ಇಲ್ಲಿ ಕೈಯಾಡಿಸಿದರೆ ಇಡೀ ಊರಿನ ನ್ಯಾಯದ ತಕ್ಕಡಿಗೇ ಕೈ ಹಾಕಿದ ಹಾಗೆ, ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ. ಎಲ್ಲ ಗೊತ್ತಿತ್ತು. ನಾರು ಎರಡು ಸಲ ಜಾರಿತು. ಬಿಳಿ ಹೂವು ಬಿಟ್ಟೆ. ಎರಡನೆಯದಕ್ಕೂ ಕೆಂಪನ್ನೇ ಇಟ್ಟು ಕಟ್ಟಿದೆ.

ಕಂಬಳಿ ತೆಗೆದರು. ಬೆಳಕು ಕಣ್ಣಿಗೆ ಚುಚ್ಚಿತು. ಹುಡುಗಿ ಬಂದು ನನ್ನ ಎದುರು ಕೂತಳು. ಎರಡು ಪೊಟ್ಟಣದ ಮೇಲೂ ಅವಳ ಕೈ ಹೋಗಿ ಹೋಗಿ ಬಂತು. ಹೇಳಿಬಿಡೋಣ ಅನ್ನಿಸಿತು, ಯಾವುದಾದರೂ ತೆಗೆದುಕೊಳ್ಳೇ, ಎರಡೂ ನಿನ್ನದೇ ಎಂದು. ಎಡಗಡೆಯದನ್ನು ಎತ್ತಿದಳು, ಬಿಚ್ಚಲಾರದೆ ಚಿಕ್ಕಪ್ಪನ ಕೈಗೆ ಕೊಟ್ಟಳು. ಗೌಡ ಬಿಚ್ಚಿದ.

ಕೆಂಪು.

ಅವನು ಅದನ್ನು ಕಣ್ಣಿಗೊತ್ತಿಕೊಂಡು, ಹುಡುಗಿಯ ತಲೆ ಸವರಿದ. "ಸರಿ ಬುಡು. ಓಗವ್ವ, ಓದ್ಕೋ ಓಗು," ಅಂದ. ಅಷ್ಟೇ. ಬೇಜಾರು ಮಾಡಿಕೊಂಡ, ಯಾರ ಮೇಲೂ ಸಿಟ್ಟು ಮಾಡಲಿಲ್ಲ. ಹುಡುಗಿಯ ಅಮ್ಮ ಒಳಗಿಂದ ಓಡಿ ಬಂದು ಮಗಳನ್ನು ತಬ್ಬಿಕೊಂಡು ಗೊಳೋ ಎಂದು ಅತ್ತಳು. ಗೌಡನ ಮುಖ ನೋಡಿ ನನಗೆ ನಾಚಿಕೆಯಾಯಿತು, ಹುಡುಗಿಯ ಮುಖ ನೋಡಿ ಅದು ಹೋಯಿತು, ಮತ್ತೆ ಬಂತು.

ಮಿಕ್ಕ ಮೂರು ಮನೆಯನ್ನು ಸಂಜೆಯೊಳಗೆ ಮುಗಿಸಿದೆ. ಯಾರು ಆರಿಸಿದ್ದೆಂದು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಮಾರನೆಯ ದಿನ ಬೆಳಗ್ಗೆ ಇಳಿಯುವಾಗ ಪೂಜಾರಿ ತಾತ ನನ್ನ ಜೊತೆ ಬಂದರು. ಬಿಚ್ಚದೆ ಉಳಿದ ಪೊಟ್ಟಣವನ್ನು ಯಾರೂ ನೋಡುವಂತಿಲ್ಲ, ಪೂಜಾರಿಯೇ ಒಯ್ದು ಚಿಲುಮೆಗೆ ಬಿಡಬೇಕಂತೆ. ಅದು ಅವರ ಸೊಂಟದ ಪಂಚೆಯಲ್ಲಿತ್ತು. ದಾರಿಯುದ್ದಕ್ಕೂ ನನ್ನ ಕಣ್ಣು ಅಲ್ಲೇ. ಚಿಲುಮೆಯ ಹತ್ತಿರ ಅವರು ಕೂತರು, ಪೊಟ್ಟಣ ತೆಗೆದರು, ನಡುಗುವ ಬೆರಳಲ್ಲಿ ನಿಧಾನವಾಗಿ ನಾರು ಬಿಚ್ಚಿದರು. ಕೆಂಪು ಹೂವು ಬಾಡಿತ್ತು.

"ತಾತಾ..."

"ಇಲ್ಲೇ ನಿಂತಿದ್ದೆ ನಾನು," ಅಂದರು, ನನ್ನ ಕಡೆ ನೋಡದೆ. "ನನ್ ಎಂಡ್ರು ಮೇಟೂರು ಆಸ್ಪತ್ರೇಲಿ ಸಾಯೋವಾಗ. ದಾಟಂಗಿಲ್ವಲ್ಲ. ಅವಳ್ನ ಒತ್ಕೊಂಡ್ ಬರೋಗಂಟ ಎರಡ್ ದಿನ ಇದೇ ಕಲ್ ಮ್ಯಾಲೆ ಕುಂತಿದ್ದೆ. ಮೀಸೆ ಬರೋಕ್ ಮುಂಚೆ ನನ್ನ ಕೂರ್ಸುದ್ರು. ಬಸ್ಸು ಒಳ್ಗೆ ಎಂಗಿರ್ತದೆ ಅಂತ ನಂಗೊತ್ತಿಲ್ಲ."

ಹೂವನ್ನು ನೀರಿಗೆ ಬಿಟ್ಟರು.

"ಒಂಬತ್ ವರ್ಸದಿಂದ ಊವು ಕೇಳ್ತಾ ಇರೋನು ನಾನೇ. ಕೇಳೋನೇ ಕಟ್ಬೇಕು. ನಾನೂ ಇಂಗೇ ಕಟ್ತಾ ಬಂದೆ. ಎರಡೂ ಕೆಂಪು."

ನಾನು ಅವರ ಪಕ್ಕ ಕೂತೆ. "ಅಮ್ಮನಿಗೆ ಹೆದರಿಕೆ ಆಗಲಿಲ್ವಾ ತಾತಾ?" ಎಂದೆ.

"ದಿನಾ ಆಯ್ತದೆ. ಅದ್ಕೇ ದಿನಾ ಬಾಗ್ಲು ಮುಂದೆ ನಿಂತು ತಪ್ಪಾಯ್ತು ತಾಯಿ ಅಂತೀನಿ. ಮುಂದಿನ ತೈ ಬಂದ್ರೆ ಮತ್ತೆ ಎರಡು ಕೆಂಪು ಕಟ್ತೀನಿ." ಎದ್ದು, ಬೆಟ್ಟದ ಮೇಲೆ ಗುಡಿ ಇರುವ ದಿಕ್ಕಿಗೆ ಗದ್ದ ಎತ್ತಿ ತೋರಿಸಿದರು. "ನೀನೂ ಯೋಳ್ಬುಟ್ಟು ಓಗು. ಇಲ್ಲಿಂದ್ಲೇ ಕೇಳ್ತದೆ."

ಕೆಳಗೆ ಜೀಪಿನ ಹಾರನ್ ಎರಡು ಸಲ ಕೂಗಿತು. ನಾನು ಚಪ್ಪಲಿ ಬಿಟ್ಟು, ಆ ಕಡೆ ತಿರುಗಿ, ಕೈ ಮುಗಿದು, ತಪ್ಪಾಯ್ತು ಎಂದೆ. ಅದು ಸುಳ್ಳು, ಇನ್ನೊಂದು ಸಲ ಕೂರಿಸಿದರೂ ನಾನು ಕಟ್ಟುವುದು ಎರಡು ಕೆಂಪನ್ನೇ. ಆದರೂ ಹೇಳಿ ಆದ ಮೇಲೆ, ಕೇಳಿಸಿತೋ ಇಲ್ಲವೋ ಎಂದು ಅಲ್ಲಾಡದೆ ನಿಂತು ಕಾದೆ.